ಬರ್ತೀನಿ ಅನ್ನಬಾರದ ಮನೆ

ಬೆಂಗಳೂರಿನ ಬಸ್ಸು ಇನ್ನೂ ಬಂದಿರಲಿಲ್ಲ. ಬಾರದಿದ್ದರೇ ವಾಸಿ ಎಂದು ಒಂದು ಗಳಿಗೆ ಅನ್ನಿಸಿ ವಿಜಯಕುಮಾರ ತನಗೆ ತಾನೇ ಹೆದರಿದ. ಶಿವಮೊಗ್ಗದ ಬಸ್ ನಿಲ್ದಾಣದ ಸಿಮೆಂಟು ಬೆಂಚಿನ ಮೇಲೆ ಅವನು ಬೆಳಿಗ್ಗೆಯಿಂದ ಕೂತಿದ್ದ. ಬರಬೇಕಾದದ್ದು ಒಂದು ಸಣ್ಣ ಥರ್ಮೋಕೋಲ್ ಡಬ್ಬ. ಅದರೊಳಗೆ ಮಂಜುಗಡ್ಡೆ, ಮಂಜುಗಡ್ಡೆಯ ನಡುವೆ ಹೆಬ್ಬೆರಳಿನಷ್ಟು ಗಾಜಿನ ಸೀಸೆ. ಆ ಸೀಸೆಯಲ್ಲಿರುವುದು ಅವನ ಹೆಂಡತಿ ಸುಮನಾಳ ಮೈಗೆ ಇವತ್ತೇ ಸೇರಬೇಕು; ನಾಳೆಯಾದರೆ ಹೆಚ್ಚು ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ್ದರು. ಬಸ್ಸು ಬಾರದಿದ್ದರೆ ತಪ್ಪು ಬಸ್ಸಿನದಾಗುತ್ತದೆ, ದಾರಿಯಲ್ಲೆಲ್ಲೋ ಕೆಟ್ಟು ನಿಂತ ಇಂಜಿನ್ನಿನದಾಗುತ್ತದೆ, ಯಾರೋ ಡ್ರೈವರನದಾಗುತ್ತದೆ. ಬಂದರೆ ಡಬ್ಬವನ್ನು ಎತ್ತಿಕೊಂಡು ಭದ್ರಾವತಿಗೆ ಹೋಗಿ, ಇದು ಯಾಕೆ ಬಂತೆಂದು ಅವಳಿಗೆ ಹೇಳಬೇಕು. ಅವಳಿಗೆ ಅವನು ಇನ್ನೂ ಏನೂ ಹೇಳಿರಲಿಲ್ಲ. ಶಾಲೆಯ ಕೆಲಸದ ಮೇಲೆ ಡಿ.ಡಿ.ಪಿ.ಐ. ಆಫೀಸಿಗೆ ಹೋಗಬೇಕೆಂದು ಸುಳ್ಳು ಹೇಳಿ ತಿಂಡಿಯನ್ನೂ ತಿನ್ನದೆ ಬಂದಿದ್ದ.

ಪಕ್ಕದಲ್ಲಿ ಒಬ್ಬ ಕೆಮ್ಮಿದ. ವಿಜಯಕುಮಾರ ತಟ್ಟನೆ ಮುಖ ತಿರುಗಿಸಿದ. ಈ ಅಭ್ಯಾಸ ಸುಮನಾಳಿಂದ ಅಂಟಿಕೊಂಡದ್ದು. ಮೂರು ವರ್ಷದ ಹಿಂದೆ ಅವನ ಒಂದು ಕಿಡ್ನಿಯನ್ನು ತೆಗೆದು ಅವಳಿಗೆ ಹಾಕಿದ್ದರು. ಅವಳ ಮೈ ಅದನ್ನು ಹೊರಗಿನದೆಂದು ಗುರುತು ಹಿಡಿದು ಓಡಿಸದಿರಲಿ ಎಂದು ದಿನಕ್ಕೆರಡು ಹೊತ್ತು ಮಾತ್ರೆ. ಆ ಮಾತ್ರೆಗಳ ಕೆಲಸ ಮೈಯೊಳಗಿನ ಕಾವಲುಗಾರರನ್ನು ಮಲಗಿಸುವುದು. ಅವನದೊಂದು ತುಂಡು ಅವಳೊಳಗೆ ನೆಮ್ಮದಿಯಾಗಿರಬೇಕಾದರೆ ಊರ ಮೇಲಿನ ನೆಗಡಿ, ಕೆಮ್ಮು, ಜ್ವರಗಳಿಗೆಲ್ಲ ಅವಳ ಬಾಗಿಲು ತೆರೆದೇ ಇರಬೇಕು. ಡಾಕ್ಟರು ಇದನ್ನು ಮೊದಲ ಸಲ ಬಿಡಿಸಿ ಹೇಳಿದಾಗ, ನಾಚಿಕೆಯ ವಿಷಯವೆಂದರೆ, ಅವನಿಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಕಾಗದದ ಕಾರ್ಖಾನೆ ನಿಂತ ಮೇಲೆ ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿ ಸೇರಿ, ನೆಂಟರ ಲೆಕ್ಕದಿಂದ ಹೆಚ್ಚುಕಡಿಮೆ ಬಿಟ್ಟೇಹೋಗಿದ್ದವನನ್ನು ಆಪರೇಷನ್ನಿನ ಬಳಿಕ ಮದುವೆಮನೆಗಳಲ್ಲಿ ಕರೆಕರೆದು ಮುಂದೆ ಕೂರಿಸತೊಡಗಿದ್ದರು. “ಹೆಂಡ್ತಿಗೆ ಕಿಡ್ನಿ ಕೊಟ್ಟೋರು ಇವರೇ ನೋಡಿ.” ಅವನು ಬೇಡ ಬೇಡವೆನ್ನುತ್ತಲೇ ಅಂಗಿಯ ಮೇಲಿಂದ ಪಕ್ಕೆ ಸವರಿಕೊಳ್ಳುತ್ತಿದ್ದ. ಸುಮನಾ ಮಾಸ್ಕ್ ಹಾಕಿಕೊಂಡು ಗೋಡೆಗೆ ಆತು ನಿಂತಿರುತ್ತಿದ್ದಳು. ಇನ್ನೂ ಆ ಕೊರೋನಾ ಕಾಲದಲ್ಲೇ ಇದ್ದಾಳೆ ಪಾಪ ಎಂದು ಹುಡುಗಿಯರು ನಗುತ್ತಿದ್ದರು. ಅವರಿಗೆ ಬಿಡಿಸಿ ಹೇಳಬೇಕೆಂದು ಅವನಿಗೆ ಯಾಕೋ ಯಾವತ್ತೂ ಅನ್ನಿಸಲಿಲ್ಲ.

ಹತ್ತು ದಿನದ ಹಿಂದಿನ ಆ ಸೋಮವಾರವೂ ಅವಳು ಬರಲೊಲ್ಲೆನೆಂದಿದ್ದಳು. ಜನ್ನಾಪುರದಲ್ಲಿ ಅವನ ಅಕ್ಕ ಹೂವಮ್ಮನ ಮನೆಯಲ್ಲಿ ಮೊಮ್ಮಗಳು ಅಮೂಲ್ಯಳಿಗೆ ಕಿವಿ ಚುಚ್ಚುವ ಶಾಸ್ತ್ರ. ಮಗುವನ್ನು ಸೋದರಮಾವ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಹೂವಮ್ಮನಿಗೆ ಇರುವುದು ಒಬ್ಬಳೇ ಮಗಳು, ಹಾಗಾಗಿ ಅಮೂಲ್ಯಳಿಗೆ ಸೋದರಮಾವನೇ ಇಲ್ಲ. ಆ ಜಾಗ ತುಂಬಬೇಕಾದವನು ಅಜ್ಜಿಯ ತಮ್ಮ. “ನೀವೊಬ್ರೇ ಹೋಗ್ಬನ್ನಿ. ಅಷ್ಟು ಜನ ಸೇರೋ ಕಡೆ ನಾನ್ಯಾಕೆ?” ಎಂದಿದ್ದಳು ಸುಮನಾ. “ಅಕ್ಕ ಕುಂಕುಮ ಕೊಟ್ಟು ಕರೆದಿದ್ದಾಳೆ. ಒಬ್ಬನೇ ಹೋದ್ರೆ ಏನಂದ್ಕೋತಾಳೆ?” ಎಂದಿದ್ದ ಅವನು. ಹೋದರು. ಅಕ್ಕಸಾಲಿಗ ಒಂದು ಕಿವಿ ಚುಚ್ಚುವಷ್ಟರಲ್ಲಿ ಮಗು ಕಿರುಚಿ, ಒದ್ದು, ಅವನ ತೊಡೆಯಿಂದ ಜಾರಿ ಎದುರಿಗಿದ್ದ ಸುಮನಾಳ ಕಡೆಗೆ ಕೈ ಚಾಚಿತು. ಅವಳು ಎತ್ತಿಕೊಂಡಳು. ಮಕ್ಕಳಿಲ್ಲದವಳು, ಕೈ ಚಾಚಿದ ಮಗುವನ್ನು ಬೇಡವೆನ್ನುವುದು ಹೇಗೆ? ಮಗುವಿನ ಮೈ ಕಾದಿತ್ತು. ಅತ್ತೂ ಅತ್ತೂ ಬಿಸಿಯಾಗಿದೆ ಎಂದರು ಯಾರೋ. ಸುಮನಾ ಒಂದು ಸಲ ಅವನತ್ತ ನೋಡಿದಳು. ಅಷ್ಟರಲ್ಲಿ ಮಗು ಮಾಸ್ಕನ್ನು ಕಂಡು ಇನ್ನಷ್ಟು ಅತ್ತಿತು, ಬೀಗರ ಕಡೆಯ ಹೆಂಗಸೊಬ್ಬಳು “ನಮ್ಮನ್ನ ಕಂಡ್ರೆ ಹೇಸಿಗೆನಾ ಅವರಿಗೆ?” ಎಂದಳು, ನಾಲ್ಕು ಜನ ನಕ್ಕರು, ಫೋಟೋದವನು ಕ್ಯಾಮೆರಾ ಎತ್ತಿ ಕಾಯುತ್ತ ನಿಂತ. “ತೆಗಿ ಸುಮಾ, ಮಗು ಹೆದರ್ಕೊಳ್ತಿದೆ” ಎಂದ ವಿಜಯಕುಮಾರ. ಅವಳು ತೆಗೆಯಲಿಲ್ಲ. “ತೆಗಿ ಅಂದೆ” ಎಂದ. ಒಂದು ಅಂಗವನ್ನೇ ಕೊಟ್ಟವನು ನಾನು, ಒಂದು ತುಂಡು ಬಟ್ಟೆ ತೆಗೆಯಲಿಕ್ಕಾಗುವುದಿಲ್ಲವೆ ಇವಳಿಗೆ ಎಂದು ಆ ಹೊತ್ತಿನಲ್ಲಿ ಅನ್ನಿಸಿದ್ದು ನಿಜ. ಅವಳು ತೆಗೆದಳು. ಮಗು ಸುಮ್ಮನಾಗಿ ಅವಳ ಕೆನ್ನೆಗೆ ಕೆನ್ನೆಯೊತ್ತಿ, ಬಾಯಿಗೆ ಬಾಯಿ ಹತ್ತಿರವಿಟ್ಟು ಬಿಕ್ಕಿತು. ಇನ್ನೊಂದು ಕಿವಿ ಚುಚ್ಚುವುದು ಮುಗಿಯುವ ತನಕ ಹಾಗೆಯೇ ಇತ್ತು. ಆ ಫೋಟೋ ಈಗಲೂ ಅವನ ಮೊಬೈಲಿನಲ್ಲಿದೆ, ಅಳಿಸಲು ಧೈರ್ಯವಿಲ್ಲ.

ಒಂದು ಬಸ್ಸು ಬಂತು. ಅದಲ್ಲ, ದಾವಣಗೆರೆಯ ಕಡೆಯದು. ಅವನು ಎದ್ದವನು ಮತ್ತೆ ಕೂತ. ಕೂತಲ್ಲಿಂದ ಎದುರಿನ ಬೇವಿನ ಮರ ಕಂಡಿತು. ಕಂಡಕ್ಟರನೊಬ್ಬ ಅದರ ನೆರಳಲ್ಲಿ ತಲೆ ಬಗ್ಗಿಸಿ ಟೀ ಕುಡಿಯುತ್ತಿದ್ದ. ನಿನ್ನೆ ಮಧ್ಯಾಹ್ನ ಭಾವ ಪರಮೇಶ್ವರಪ್ಪ ಜನ್ನಾಪುರದ ರಸ್ತೆಯಲ್ಲಿ ಎಳನೀರಿನ ಗಾಡಿಯ ಮುಂದೆ ಇದೇ ಥರ ತಲೆ ಬಗ್ಗಿಸಿ ನಿಂತಿದ್ದರು. ವಿಜಯಕುಮಾರ ನಿಂತು ಮಾತಾಡಿಸಿದರೆ ಮುಖ ಕೊಡಲಿಲ್ಲ. “ಈಗ ಮನೆ ಕಡೆ ಬರಬೇಡ ಮಾರಾಯ” ಎಂದಷ್ಟೇ ಹೇಳಿ ಎಳನೀರು ಹೊತ್ತುಕೊಂಡು ಹೊರಟರು. ಅವನು ಅವರ ಹಿಂದೆಯೇ ಹೋದ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಹೂವಮ್ಮ ಹೊಸಲಿನ ಒಳಗೇ ನಿಂತಳು; ತಮ್ಮನನ್ನು ಕಂಡು ಬಾ ಎನ್ನಲಿಲ್ಲ. ಮಧ್ಯಾಹ್ನದ ಅಡುಗೆಯ ಹೊತ್ತು, ಆದರೆ ಒಳಗಿನಿಂದ ಸಾಸಿವೆ ಸಿಡಿದ ವಾಸನೆಯಿರಲಿಲ್ಲ. ಅಮ್ಮ ಎದ್ದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಕಾದ ಎಣ್ಣೆಯ ಚುರುಕು ಅವಳಿಗಾಗುವುದಿಲ್ಲ. ಚಿಕ್ಕಂದಿನಲ್ಲಿ ಅವನಿಗೇ ಎದ್ದಾಗ ತಿಂಗಳೊಪ್ಪತ್ತು ಬಾಯಿ ಕೆಟ್ಟುಹೋಗುವಷ್ಟು ಸಪ್ಪೆ ಸಾರು ಉಂಡಿದ್ದ. ಒಳಗೆ ಚಾಪೆಯ ಮೇಲೆ ಬಿಳಿ ಬಟ್ಟೆ ಹಾಸಿ ಬೇವಿನೆಲೆ ಹರಡಿ ಅಮೂಲ್ಯಳನ್ನು ಮಲಗಿಸಿದ್ದರು. ಮೈಯೆಲ್ಲ ಒಣಗುತ್ತಿರುವ ಗುಳ್ಳೆ. ಹೊಸ ಓಲೆಗಳು ಮಾತ್ರ ಮಿನುಗುತ್ತಿದ್ದವು.

“ಯಾವತ್ತಿಂದ ಅಕ್ಕ?”

“ಕಿವಿ ಚುಚ್ಚಿದ ಮಾರನೇ ದಿನವೇ.”

“ಒಂದು ಫೋನು ಮಾಡಬಾರದಿತ್ತಾ?”

ಹೂವಮ್ಮ ದನಿ ತಗ್ಗಿಸಿದಳು. “ನಿಧಾನ ಕಣೋ, ಇಲ್ಲಿ ಗಟ್ಟಿಯಾಗಿ ಮಾತಾಡಬಾರದು. ಬಂದಿದ್ದಾಳೆ ಅಂತ ಬಾಯಿಬಿಟ್ಟು ಹೇಳಿ ಕಳಿಸಿದ್ರೆ, ಕೇಳಿಸ್ಕೊಂಡೋರ ಮನೆಗೇ ಹೊರಟುಬಿಡ್ತಾಳೆ. ಸುಮನಾನ ಮೈ ಹ್ಯಾಗಿದೆ ಅಂತ ನಂಗೊತ್ತಿಲ್ವಾ ವಿಜೀ? ಅವಳಿಗೆ ತಾಕಬಾರದು ಅಂತಲೇ ನಾನು ಯಾರಿಗೂ ಹೇಳದೆ ಕೂತಿದ್ದು. ದಿನಾ ಅವಳ ಹೆಸರಲ್ಲಿ ಬೇವಿನ ಮರಕ್ಕೆ ಒಂದು ಚೊಂಬು ತಣ್ಣೀರು ಹೊಯ್ತಿದೀನಿ.”

ಅವಳ ಕಣ್ಣಲ್ಲಿ ನೀರಿತ್ತು. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು, ಆಪರೇಷನ್ನಿನ ಹೊತ್ತಿನಲ್ಲಿ ಆಸ್ಪತ್ರೆಯ ವರಾಂಡದಲ್ಲಿ ವಾರಗಟ್ಟಲೆ ಮಲಗಿದವಳು. ಅವಳ ಮೇಲೆ ಕೋಪ ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಕೋಪ ಮಾಡಿಕೊಂಡರೆ ಅವಳು ಒಂದೇ ಒಂದು ಮಾತು ಕೇಳಬಹುದಿತ್ತು: ಮಾಸ್ಕ್ ತೆಗೆಸಿದ್ದು ಯಾರು? ಅವಳು ಕೇಳಲಿಲ್ಲ, ಅವಳಿಗೆ ಅದು ಹೊಳೆದೂ ಇರಲಿಲ್ಲ. ಹೊರಡುವಾಗ ರೂಢಿಯಂತೆ ಬರ್ತೀನಿ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅಂಥ ಮನೆಯಲ್ಲಿ ಹಾಗನ್ನಬಾರದು. ಅಂದರೆ ಅಮ್ಮನೂ ಜೊತೆಗೆ ಹೊರಡುತ್ತಾಳೆ. ಸುಮ್ಮನೆ ಎದ್ದು ಹೋಗಬೇಕು. ಓದಿದವನು, ಇದನ್ನೆಲ್ಲ ನಂಬದವನು, ಅವನು ಸುಮ್ಮನೆ ಎದ್ದು ಹೋದ.

ಕೊನೆಗೂ ಬಸ್ಸು ಬಂತು. ಡ್ರೈವರ್ ಸೀಟಿನ ಪಕ್ಕದಿಂದ ಡಬ್ಬ ತೆಗೆದು ಕೊಡುವ ಹೊತ್ತಿಗೆ ಮೆಡಿಕಲ್ ಶಾಪಿನ ಶಿವಪ್ರಸಾದನೂ ಸ್ಕೂಟರಿನಲ್ಲಿ ಬಂದ. ನಿನ್ನೆ ಸಂಜೆ ದುರ್ಗಿಗುಡಿಯ ನಾಲ್ಕು ಅಂಗಡಿ ಸುತ್ತಿ ಎಲ್ಲ ಕಡೆ ಇಲ್ಲವೆನ್ನಿಸಿಕೊಂಡು ಐದನೆಯದಕ್ಕೆ ಹೋದಾಗ ಬೆಂಗಳೂರಿಗೆ ಫೋನು ಹಚ್ಚಿದವನು ಇವನೊಬ್ಬನೇ. “ಇದನ್ನ ಈ ಕಡೆ ಯಾರೂ ಇಡಲ್ಲ ಸಾರ್. ವರ್ಷಕ್ಕೊಬ್ಬರು ಕೇಳಿದ್ರೆ ಹೆಚ್ಚು. ಫ್ರಿಜ್ಜಲ್ಲೇ ಡೇಟ್ ಮುಗಿದುಹೋಗುತ್ತೆ” ಎಂದಿದ್ದ. ಈಗ ಡಬ್ಬದ ಮುಚ್ಚಳ ಸರಿಸಿ ಬೆರಳು ಹಾಕಿ ನೋಡಿ, “ತಣ್ಣಗಿದೆ, ಏನೂ ಆಗಿಲ್ಲ. ಪೇಶೆಂಟು ಎಲ್ಲಿ?” ಎಂದ.

“ಭದ್ರಾವತೀಲಿ.”

“ಕರ್ಕೊಂಡೇ ಬರೋದಲ್ವಾ ಸಾರ್? ಇಲ್ಲೇ ಡಾಕ್ಟ್ರ ಹತ್ರ ಹಾಕಿಸಿ ಮುಗಿಸಬಹುದಿತ್ತು.”

ಡಾಕ್ಟರೂ ನಿನ್ನೆ ಅದನ್ನೇ ಹೇಳಿದ್ದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಮೊದಲ ಎರಡು ಮೂರು ದಿನದಲ್ಲೇ ಬಂದಿದ್ರೆ ನಾನು ಇಷ್ಟು ಯೋಚನೆ ಮಾಡ್ತಿರಲಿಲ್ಲ. ಹತ್ತು ದಿನದವರೆಗೆ ಕೊಡಬಹುದು, ನಾಳೆಗೆ ಹತ್ತಾಗುತ್ತೆ. ಗುಳ್ಳೆ ಎದ್ದುಬಿಟ್ರೆ ಈ ಇಂಜೆಕ್ಷನ್ನಿಂದ ಉಪಯೋಗ ಇಲ್ಲ, ಆವಾಗ ಅಡ್ಮಿಟ್ ಮಾಡಿ ಬೇರೆ ಔಷಧ ಶುರುಮಾಡಬೇಕು. ಇವರ ಮೈಯಲ್ಲಿ ಅದು ಚರ್ಮದ ಮೇಲೆ ಮಾತ್ರ ನಿಲ್ಲಲ್ಲ. ಶ್ವಾಸಕೋಶಕ್ಕೆ ಇಳಿಯುತ್ತೆ, ಲಿವರಿಗೆ ಹೋಗುತ್ತೆ. ಒಂದು ಗಂಟೆನೂ ತಡ ಮಾಡೋ ಹಾಗಿಲ್ಲ” ಎಂದರು. ಆಮೇಲೆ ಹಳೆಯ ಕಡತ ತಿರುವಿ, “ಚಿಕ್ಕಂದಿನಲ್ಲಿ ಅವರಿಗೆ ಚಿಕನ್‌ಪಾಕ್ಸ್ ಎದ್ದಿಲ್ಲ ಅಂತ ರಿಪೋರ್ಟಲ್ಲೇ ಇದೆ. ಕಿಡ್ನಿ ಹಾಕೋ ಮುಂಚೆ ಲಸಿಕೆ ಹಾಕಿಸಿ ಅಂದಿದ್ನಲ್ಲ, ಯಾಕೆ ಹಾಕಿಸಲಿಲ್ಲ?” ಎಂದರು. ಹೋಗಿದ್ದ. ಸರ್ಕಾರಿ ಆಸ್ಪತ್ರೆಯಲ್ಲಿ ಚುಚ್ಚುಮದ್ದಿನ ದಿನ ಕೂಸುಗಳನ್ನು ಎತ್ತಿಕೊಂಡ ತಾಯಂದಿರ ಸಾಲಿನಲ್ಲಿ ಬೋಳು ತಲೆಯ ತಾನೊಬ್ಬ ನಿಂತಿದ್ದ. “ಮಗು ಎಲ್ಲಿ?” ಎಂದು ಕೇಳಿದ ನರ್ಸ್ ಹುಡುಗಿಗೆ ಹೆಂಡತಿಗೆ ಎಂದಾಗ ಇಡೀ ಸಾಲು ತಿರುಗಿ ನೋಡಿತ್ತು. ಆ ಲಸಿಕೆ ಇಲ್ಲಿ ಮಕ್ಕಳಿಗೂ ಕೊಡುವುದಿಲ್ಲ, ಹೊರಗೆ ಕೊಳ್ಳಬೇಕು ಎಂದಳು ಅವಳು. ಹೊರಗೆ ಕೇಳಿದರೆ ತರಿಸಬೇಕು, ವಾರ ಬಿಟ್ಟು ಬನ್ನಿ ಎಂದರು. ಆ ವಾರದೊಳಗೆ ಆಪರೇಷನ್ನಿಗೆ ದಿನ ಗೊತ್ತಾಯಿತು, ಎಲ್ಲರೂ ಅವನ ಕಿಡ್ನಿಯ ಸಂಭ್ರಮದಲ್ಲಿ ಮುಳುಗಿದರು. ಈಗ ಆ ಲಸಿಕೆ ಹಾಕುವ ಹಾಗಿಲ್ಲ. ಜೀವವಿರುವ ಲಸಿಕೆ, ಕಾವಲಿಲ್ಲದ ಮೈಯಲ್ಲಿ ಅದೇ ರೋಗವಾಗುತ್ತದಂತೆ. ಇದನ್ನೆಲ್ಲ ಹೇಳದೆ ವಿಜಯಕುಮಾರ ತಲೆ ತಗ್ಗಿಸಿದ್ದ. ಭದ್ರಾವತಿಯಲ್ಲೇ ಪರಿಚಯದ ನರ್ಸಿಂಗ್ ಹೋಮಿನಲ್ಲಿ ಹಾಕಿಸುತ್ತೇನೆಂದ. ಡಾಕ್ಟರು ಅರೆಮನಸ್ಸಿನಿಂದ ಚೀಟಿ ಬರೆದುಕೊಟ್ಟರು.

ಭದ್ರಾವತಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದ. ಅದರ ಮೂಲೆಯಿಂದ ನೀರು ತೊಟ್ಟಿಕ್ಕಿ ಪ್ಯಾಂಟು ಒದ್ದೆಯಾಗತೊಡಗಿತು. ಟಿಕೆಟು ಹರಿಯುತ್ತ ಬಂದ ಕಂಡಕ್ಟರ್ ನೋಡಿ, “ಮೀನಾ ಸಾರ್? ಕೆಳಗಿಡಿ, ವಾಸನೆ ಬರುತ್ತೆ” ಎಂದ. ಪಕ್ಕದ ಸೀಟಿನ ವಿಭೂತಿಯ ಹಿರಿಯರು ಪಂಚೆ ಎಳೆದುಕೊಂಡು ಆಚೆ ಸರಿದರು. “ಮೀನಲ್ಲ, ಔಷಧ” ಎಂದ ವಿಜಯಕುಮಾರ. ಕಂಡಕ್ಟರ್ ನಂಬಿದಂತೆ ಕಾಣಲಿಲ್ಲ. ಔಷಧವೆಂದು ಮತ್ತೊಂದು ಸಲ, ಸ್ವಲ್ಪ ಜೋರಾಗಿ ಹೇಳಿದ. ಮುಂದಿನ ಸೀಟಿನವರೂ ತಿರುಗಿ ನೋಡಿದರು. ಅವನ ಕಿವಿ ಬಿಸಿಯಾಯಿತು. ಮೂರು ವರ್ಷದಿಂದ ಸುಮನಾ ಪ್ರತಿ ಬಸ್ಸಿನಲ್ಲಿ, ಪ್ರತಿ ಮದುವೆಮನೆಯಲ್ಲಿ ಹೀಗೆ ತಿರುಗಿದ ಮುಖಗಳ ನಡುವೆ ಕೂತಿದ್ದಾಳೆ ಎಂಬುದು ಆಗ ಹೊಳೆಯಿತು. ಹೊಳೆದದ್ದರಿಂದ ಏನೂ ಉಪಯೋಗವಿರಲಿಲ್ಲ.

ದಾರಿಯುದ್ದಕ್ಕೂ ಸುಳ್ಳನ್ನು ಕಟ್ಟಿದ. ಡಾಕ್ಟರು ಫೋನು ಮಾಡಿದ್ದರು, ಕಿಡ್ನಿ ಹಾಕಿಸಿಕೊಂಡವರಿಗೆಲ್ಲ ಹೊಸದೊಂದು ಇಂಜೆಕ್ಷನ್ ಬಂದಿದೆಯಂತೆ, ಮಾಮೂಲಿ, ಹೆದರುವುದೇನಿಲ್ಲ. ಅವಳು ಕೇಳುತ್ತಾಳೆ: ಇದ್ದಕ್ಕಿದ್ದಂತೆ ಯಾಕೆ? ಅದಕ್ಕೂ ಒಂದು ಉತ್ತರ ಹೊಂದಿಸಿದ. ನಿಜ ಹೇಳಿದರೆ ಅವಳು ಹೆದರುತ್ತಾಳೆ, ಹೆದರಿದರೆ ಬಿ.ಪಿ. ಏರುತ್ತದೆ, ಅವಳ ಒಳ್ಳೆಯದಕ್ಕೇ ಹೇಳುತ್ತಿಲ್ಲ ಎಂದು ತನಗೆ ತಾನೇ ಒಪ್ಪಿಸುತ್ತಿದ್ದವನಿಗೆ ಅರ್ಧದಾರಿಯಲ್ಲಿ ಅಕ್ಕನ ದನಿ ಕೇಳಿದಂತಾಯಿತು. ಅವಳಿಗೆ ತಾಕಬಾರದು ಅಂತಲೇ ನಾನು ಯಾರಿಗೂ ಹೇಳದೆ ಕೂತಿದ್ದು. ಅಕ್ಕನದು ಭಯ, ಪ್ರೀತಿ, ಏನೋ ಒಂದು. ತನ್ನದು ಅದೂ ಅಲ್ಲ. ಆ ಫೋಟೋದ ಹೊತ್ತಿನಲ್ಲಿ ಅವಳು ನೋಡಿದ ನೋಟವನ್ನು ಇನ್ನೊಮ್ಮೆ ಎದುರಿಸಲಾರದ ಹೇಡಿತನ, ಅಷ್ಟೇ. ಹೇಳಿಬಿಡುತ್ತೇನೆ ಎಂದುಕೊಂಡ. ಮೊದಲು ಇಂಜೆಕ್ಷನ್ ಆಗಲಿ, ಆಮೇಲೆ ಎಲ್ಲವನ್ನೂ ಹೇಳುತ್ತೇನೆ. ಹಾಗೆಂದುಕೊಂಡ ಮೇಲೆ ಮನಸ್ಸು ಹಗುರಾಗಿ, ಭದ್ರಾ ಸೇತುವೆ ದಾಟುವಾಗ ಡಬ್ಬದ ಮೇಲೆ ಮೆಲ್ಲಗೆ ತಟ್ಟಿದ. ಬಂತಲ್ಲ, ಸಿಕ್ಕಿತಲ್ಲ. ನರ್ಸಿಂಗ್ ಹೋಮಿನ ಮೋನಿಕಾ ಸಿಸ್ಟರಿಗೆ ಫೋನು ಮಾಡಿ ಅರ್ಧ ಗಂಟೆಯಲ್ಲಿ ಬರುತ್ತೇವೆ ಎಂದ.

ಕಾಗದನಗರದ ಹತ್ತಿರದ ಬಾಡಿಗೆ ಮನೆಯ ಬಾಗಿಲು ಚಿಲಕ ಹಾಕದೆ ಬರೀ ಮುಂದೆ ಮಾಡಿತ್ತು. ಸುಮನಾ ಅಡುಗೆಮನೆಯಲ್ಲಿದ್ದಳು. “ಬಂದ್ರಾ? ಕೈಕಾಲು ತೊಳ್ಕೊಳ್ಳಿ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು” ಎಂದಳು, ತಿರುಗದೆ. ಅವನು ಡಬ್ಬವನ್ನು ಟೀವಿಯ ಪಕ್ಕದಲ್ಲಿಟ್ಟು ಕೈ ತೊಳೆದು ಬಂದ. ಉಂಡೇ ಹೇಳಿದರಾಯಿತು. ತಟ್ಟೆ ಹಾಕಿತ್ತು. ಅವಳು ಅನ್ನ ಬಡಿಸಿ, ಸಾರು ಬಿಟ್ಟು, ಸೆರಗನ್ನು ಕುತ್ತಿಗೆಯ ಸುತ್ತ ಎಳೆದುಕೊಂಡು ಒಲೆಯ ಕಡೆಗೆ ಸರಿದು ನಿಂತಳು. ಅವನು ಕಲಸಿ ಒಂದು ತುತ್ತು ಬಾಯಿಗಿಟ್ಟ. ಬೇಳೆ, ಉಪ್ಪು, ಹುಳಿ. ಮತ್ತೇನೂ ಇಲ್ಲ. ಸಾರಿನ ಮೇಲೆ ಒಂದು ಸಾಸಿವೆ ಕಾಳೂ ತೇಲುತ್ತಿರಲಿಲ್ಲ, ಒಂದು ಕರಿಬೇವಿನ ಎಲೆಯೂ ಇರಲಿಲ್ಲ. ಮನೆಯೊಳಗೆ ಬಂದಾಗಲೇ ಏನೋ ಇಲ್ಲವೆನ್ನಿಸಿತ್ತು, ಏನೆಂದು ತಿಳಿದಿರಲಿಲ್ಲ. ಮೂಗಿಗೆ ಈ ಮನೆಯ ದಿನದ ವಾಸನೆ ಬಡಿದಿರಲಿಲ್ಲ.

ತುತ್ತು ಬಾಯಲ್ಲೇ ನಿಂತಿತು. “ಒಗ್ಗರಣೆ?” ಎಂದ.

“ಹಾಕಿಲ್ಲ.”

ಆಮೇಲೆ ಅವಳೇ ಹೇಳಿದಳು, ಒಲೆಯನ್ನು ನೋಡುತ್ತ. “ನೀವು ಹೋದ ಮೇಲೆ ಸ್ನಾನಕ್ಕೆ ಹೋದಾಗ ನೋಡಿದೆ. ಹೊಟ್ಟೆ ಮೇಲೆ ನಾಲ್ಕೈದು, ಬೆನ್ನಲ್ಲಿ ಎಷ್ಟಿದೆಯೋ. ನಿನ್ನೆಯಿಂದಲೇ ಮೈ ಕೈ ನೋವಿತ್ತು. ಆ ಮಗೂನ ಮೈ ಕಾದಿದ್ದು ಅತ್ತಿದ್ದಕ್ಕಲ್ಲ, ಅಲ್ವಾ?”

“ಫೋನ್ ಮಾಡಬಾರದಿತ್ತಾ ಸುಮಾ?” ಎಂದ. ಎಂದಮೇಲೆ ಇದೇ ಮಾತನ್ನು ನಿನ್ನೆ ಯಾರಿಗೆ ಹೇಳಿದ್ದೆನೆಂದು ನೆನಪಾಯಿತು.

“ಎರಡು ಸಲ ನಂಬರ್ ಒತ್ತಿದೆ. ಬಾಯಲ್ಲಿ ಹೇಳಬಾರದು ಅನ್ನಿಸ್ತು. ನಾನೂ ಇದನ್ನೆಲ್ಲ ನಂಬೋಳಲ್ಲ, ನಿಮಗೆ ಗೊತ್ತು. ಆದ್ರೂ ಒಗ್ಗರಣೆ ಸೌಟು ಕೈಗೆ ತಗೊಂಡೋಳು ಕೆಳಗಿಟ್ಟುಬಿಟ್ಟೆ.”

ಅವನು ತಟ್ಟೆಯ ಮುಂದೆ ಕೂತಲ್ಲೇ ಎಲ್ಲವನ್ನೂ ಹೇಳಿದ. ಅಕ್ಕನ ಮನೆಯ ಬೇವಿನ ಸೊಪ್ಪು, ಡಾಕ್ಟರು, ಶಿವಪ್ರಸಾದ, ಬೆಂಗಳೂರಿನ ಬಸ್ಸು. ನಿನ್ನೆಯೇ ಗೊತ್ತಾದದ್ದನ್ನೂ ಹೇಳಿದ. ಮಾಸ್ಕಿನ ಮಾತನ್ನು ಹೇಳಲು ಬಾಯಿ ತೆರೆದ, ಅವಳು ಬೇಡವೆನ್ನುವಂತೆ ಕೈಯೆತ್ತಿದಳು. ಕೋಪವಿದ್ದರೆ ತಡೆದುಕೊಳ್ಳಬಹುದಿತ್ತು. ಅವಳ ಮುಖದಲ್ಲಿ ಬರೀ ಆಯಾಸವಿತ್ತು, ಜ್ವರದ ಕೆಂಪಿತ್ತು. ಅವಳು ಹೊರಗೆ ಬಂದು ಟೀವಿಯ ಪಕ್ಕದ ಡಬ್ಬದ ಮುಂದೆ ನಿಂತಳು. ಮುಚ್ಚಳ ತೆಗೆದು ನೋಡಿದಳು. ಕರಗಿದ ನೀರಿನಲ್ಲಿ ಪ್ಲಾಸ್ಟಿಕ್ಕು ಸುತ್ತಿದ ಸೀಸೆ ವಾಲಿಕೊಂಡಿತ್ತು.

“ಇದು ಇನ್ನು ಯಾರಿಗಾದ್ರೂ ಆಗುತ್ತಾ?” ಎಂದು ಕೇಳಿದಳು. “ನನ್ನಂಥೋರು ಇನ್ಯಾರಾದ್ರೂ ಇರ್ತಾರಲ್ಲ ಶಿವಮೊಗ್ಗದಲ್ಲಿ. ಸುಮ್ನೆ ಹಾಳಾಗುತ್ತೆ.”

ಅವನಿಗೆ ಗೊತ್ತಿರಲಿಲ್ಲ. ಅವಳು ಡಬ್ಬವನ್ನು ಫ್ರಿಜ್ಜಿನ ಒಳಗಿಟ್ಟು ಬಾಗಿಲು ಹಾಕಿದಳು. ಅವನು ಡಾಕ್ಟರಿಗೆ ಫೋನು ಮಾಡಿದ. ಅತ್ತಲಿಂದ ಬಂದದ್ದು ಎರಡೇ ಮಾತು: ಈಗಲೇ ಕರ್ಕೊಂಡು ಬನ್ನಿ, ಬಸ್ಸಲ್ಲಿ ಬೇಡ. ಬೀದಿಯ ಕೊನೆಯ ಗಂಗಾಧರಪ್ಪನ ಆಟೋ ಕೂಗಿ ಬಂದು ನೋಡಿದರೆ ಅವಳು ಒಂದು ಸೀರೆ, ಟವೆಲು, ಮಾತ್ರೆಯ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೊಸಲಿನಲ್ಲಿ ನಿಂತಿದ್ದಳು. ಪಕ್ಕದ ಮನೆಯ ಮಾಸ್ತಮ್ಮ ಕಾಂಪೌಂಡಿನಿಂದ ಬಗ್ಗಿ, “ಎಲ್ಲಿಗ್ ಹೊಂಟ್ರಿ ಸುಮನಮ್ಮ?” ಎಂದು ಕೇಳಿದಳು. ಸುಮನಾ ಮುಗುಳ್ನಕ್ಕಳು, ಹೋಗಿ ಬರ್ತೀವಿ ಎನ್ನಲಿಲ್ಲ. ವಿಜಯಕುಮಾರನೂ ಅನ್ನಲಿಲ್ಲ. ಆ ಮಾತನ್ನು ಅನ್ನದೆ ಮನೆಗೆ ಬೀಗ ಹಾಕುವುದು ಎಷ್ಟು ಕಷ್ಟವೆಂದು ಅವನಿಗೆ ಅವತ್ತಿನ ತನಕ ತಿಳಿದಿರಲಿಲ್ಲ.

ಆಟೋ ಹತ್ತುವ ಮೊದಲು ಅವಳು ನಿಂತಳು. ಗಂಗಾಧರಪ್ಪನಿಗೆ ಚಿಕ್ಕ ಮಕ್ಕಳಿದ್ದಾರೆ ಎಂದಳು ಮೆಲ್ಲಗೆ. ಚೀಲದಿಂದ ಮಾಸ್ಕ್ ತೆಗೆದಳು. ಕಟ್ಟಿಕೊಳ್ಳಲು ಕೈಯೆತ್ತಿ, ಮುಖ ಕಿವುಚಿ, ಕೈ ಇಳಿಸಿ ಅದನ್ನು ಅವನ ಕೈಗಿಟ್ಟಳು.

“ನೀವೇ ಹಾಕಿ” ಎಂದಳು. “ಕಿವಿ ಹಿಂದೆ ಒಂದು ಎದ್ದಿದೆ. ಮುಟ್ಟದ ಹಾಗೆ, ನೋಡ್ಕೊಂಡು ಹಾಕಿ.”